ಮನೆಯಲ್ಲಿ ಉಳಿದವನ ಪರೀಕ್ಷೆ

ವನವಾಸವೆಂದೊಡನೆ ನಮ್ಮ ಮನಸ್ಸು ಕಾಡಿಗೆ ಹೊರಟವರನ್ನು ಹಿಂಬಾಲಿಸುತ್ತದೆ. ನಾರುಮಡಿಯುಟ್ಟ ಸೀತಾರಾಮ ಲಕ್ಷ್ಮಣರನ್ನು, ಹಸ್ತಿನಾವತಿಯನ್ನು ತೊರೆದು ನಡೆದ ಪಾಂಡವರನ್ನೂ ದ್ರೌಪದಿಯನ್ನೂ ನೆನೆದು ತಲೆತಲಾಂತರದಿಂದ ನಾವು ಕಣ್ಣೀರು ಮಿಡಿದಿದ್ದೇವೆ. ಅದು ಸಹಜ. ಆದರೆ ಅವರು ಕಾಡಿಗೆ ಹೋದ ಬಳಿಕ ಅವರ ಪಾಲು ಯಾರ ಕೈಯಲ್ಲಿತ್ತು, ಆ ಕೈ ಅದನ್ನು ಹೇಗೆ ನಡೆಸಿತು ಎಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಈ ಸಂಚಿಕೆಯಲ್ಲಿ ಆ ವಿಚಾರವನ್ನೇ ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಕೈಕೇಯಿಯು ಎರಡು ವರಗಳನ್ನು ಬೇಡಿದಾಗ ಭರತನು ಅಯೋಧ್ಯೆಯಲ್ಲಿರಲಿಲ್ಲ. ಶತ್ರುಘ್ನನೊಡನೆ ಕೇಕಯ ದೇಶದ ಸೋದರಮಾವನ ಮನೆಯಲ್ಲಿದ್ದನು. ಮರಳಿ ಬಂದಾಗ ತಂದೆ ತೀರಿಹೋಗಿದ್ದನು, ಅಣ್ಣ ಕಾಡಿನಲ್ಲಿದ್ದನು, ಸಿಂಹಾಸನವು ತನಗಾಗಿ ಕಾದಿತ್ತು. ಮಂತ್ರಿಗಳೂ ಪುರೋಹಿತರೂ ಪಟ್ಟವೇರೆಂದು ಹೇಳಿದರು. ತಂದೆಯ ವಚನವೇ ರಾಜ್ಯವನ್ನು ಅವನಿಗೆ ಕೊಟ್ಟಿತ್ತು. ಕೇಳದೆ ಬಂದ ಭಾಗ್ಯವೆಂದು ಸ್ವೀಕರಿಸಿದ್ದರೆ ತಪ್ಪೆನ್ನುವವರು ಬಹಳ ಮಂದಿ ಇರುತ್ತಿರಲಿಲ್ಲ. ಆದರೆ ಹಿರಿಯನ ಸ್ವತ್ತು ತನ್ನದಲ್ಲವೆಂದು ಭರತನು ನಿರಾಕರಿಸಿದನು.

ಅವನ ನಡತೆಯ ಇನ್ನೊಂದು ಅಂಶವನ್ನೂ ಗಮನಿಸಬೇಕು. ಶತ್ರುಘ್ನನು ಕೋಪದಿಂದ ಮಂಥರೆಯನ್ನು ಹಿಡಿದೆಳೆದಾಗ ಭರತನು ಅವನನ್ನು ತಡೆದನು. ಹೆಣ್ಣನ್ನು ಕೊಂದರೆ ಧರ್ಮಾತ್ಮನಾದ ರಾಮನು ನಮ್ಮೊಡನೆ ಮಾತನ್ನೂ ಆಡಲಾರನು ಎಂಬುದು ಅವನ ಎಚ್ಚರ. ತಾಯಿಯನ್ನು ಕಟುವಾಗಿ ಖಂಡಿಸಿದವನೇ ಮನೆಯ ಬೆಂಕಿ ಇನ್ನಷ್ಟು ಹಬ್ಬದಂತೆ ನೋಡಿಕೊಂಡನು.

ಭರತನು ಸೇನಾಪರಿವಾರದೊಡನೆ ಚಿತ್ರಕೂಟಕ್ಕೆ ಬಂದಾಗ ಲಕ್ಷ್ಮಣನಿಗೇ ಸಂಶಯ ಬಂದಿತು. ಮರವೇರಿ ನೋಡಿದ ಅವನು, ಭರತನು ತಮ್ಮನ್ನು ಕೊಲ್ಲಲು ಬರುತ್ತಿದ್ದಾನೆಂದೇ ಭಾವಿಸಿದನು. ರಾಮನು ಹಾಗೆಣಿಸಲಿಲ್ಲ, ತಮ್ಮನ ಪರವಾಗಿ ನಿಂತು ಲಕ್ಷ್ಮಣನಿಗೇ ಬುದ್ಧಿ ಹೇಳಿದನು. ಎಷ್ಟು ಬೇಡಿಕೊಂಡರೂ ರಾಮನು ಪಿತೃವಾಕ್ಯವನ್ನು ಮೀರಲಿಲ್ಲ. ಆಗ ಭರತನು ಪಾದುಕೆಗಳನ್ನು ಪಡೆದು, ತಲೆಯ ಮೇಲಿಟ್ಟುಕೊಂಡು ಹಿಂದಿರುಗಿದನು. ಅಯೋಧ್ಯೆಯ ಅರಮನೆಯಲ್ಲಿ ನೆಲೆಸದೆ ನಂದಿಗ್ರಾಮದಲ್ಲಿ ಜಟಾವಲ್ಕಲಗಳನ್ನು ಧರಿಸಿ ಇದ್ದನು. ರಾಜ್ಯದ ಪ್ರತಿಯೊಂದು ಕಾರ್ಯವನ್ನೂ ಪಾದುಕೆಗಳಿಗೆ ನಿವೇದಿಸಿಯೇ ನಡೆಸಿದನು. ಅಣ್ಣನಿಗೆ 14 ವರ್ಷ ಕಾಡಿನಲ್ಲಿ ವನವಾಸವಾದರೆ ತಮ್ಮನಿಗೆ ಊರಿನ ಬಾಗಿಲಲ್ಲೇ ವನವಾಸ.

ಅವಧಿ ಮುಗಿದು ಮರಳುವಾಗ ರಾಮನು ಹನುಮಂತನನ್ನು ಮುಂದಾಗಿ ನಂದಿಗ್ರಾಮಕ್ಕೆ ಕಳುಹಿಸಿದನು. ತನ್ನ ಬರವನ್ನು ಕೇಳಿದಾಗ ಭರತನ ಮುಖಭಾವ ಹೇಗಿರುವುದೆಂದು ನೋಡು, ಅವನಿಗೆ ರಾಜ್ಯದ ಅಪೇಕ್ಷೆಯಿದ್ದರೆ ಅವನೇ ಆಳಲಿ ಎಂದನು. ಭರತನಾದರೋ ಸುದ್ದಿ ಕೇಳಿ ಆನಂದದಿಂದ ಮೂರ್ಛೆ ಹೋದನು. ರಾಮನ ಕಾಲಿಗೆ ತಾನೇ ಪಾದುಕೆಗಳನ್ನು ತೊಡಿಸಿ, ಭಂಡಾರ, ಕಣಜ, ಸೇನೆಗಳನ್ನು ಹತ್ತುಪಟ್ಟು ಹೆಚ್ಚಿಸಿ ಇಟ್ಟಿರುವೆನೆಂದು ಒಪ್ಪಿಸಿದನು. ಭಕ್ತಿಯ ಮಾತು ಸುಲಭ. ಭಕ್ತಿಯ ಜೊತೆಗೆ ಲೆಕ್ಕವನ್ನೂ ಒಪ್ಪಿಸಿದ್ದು ಭರತನ ಹಿರಿಮೆ.

ಇನ್ನು ಹಸ್ತಿನಾವತಿಯನ್ನು ನೋಡೋಣ. ಅಲ್ಲಿ ಕರಾರು 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ. ಪಾಂಡವರ ರಾಜ್ಯವನ್ನು ಮರಳಿ ಕೊಟ್ಟು ಮಗನನ್ನು ಹದ್ದಿನಲ್ಲಿಡು ಎಂದು ವಿದುರನು ಹೇಳಿದಾಗ, ಇಷ್ಟವಿದ್ದೆಡೆಗೆ ಹೋಗು ಎಂದು ಧೃತರಾಷ್ಟ್ರನು ಗದರಿದನು. ವಿದುರನು ಕಾಮ್ಯಕವನಕ್ಕೆ ಪಾಂಡವರಲ್ಲಿಗೆ ಹೋದನು. ಬಳಿಕ ಪಶ್ಚಾತ್ತಾಪಪಟ್ಟ ಅರಸನು ಸಂಜಯನನ್ನು ಕಳುಹಿಸಿ ತಮ್ಮನನ್ನು ಕರೆಸಿಕೊಂಡನು. ತಮ್ಮ ಬಂದನು, ತಮ್ಮನ ಮಾತು ಮಾತ್ರ ಹೊರಗೇ ಉಳಿಯಿತು.

ದುರ್ಯೋಧನನೋ ಗೋವುಗಳನ್ನು ಎಣಿಸುವ ನೆಪದಿಂದ ದ್ವೈತವನಕ್ಕೆ ಹೋದನು. ಬಡತನದಲ್ಲಿದ್ದ ದಾಯಾದಿಗಳ ಮುಂದೆ ತನ್ನ ವೈಭವವನ್ನು ಮೆರೆಯುವುದೇ ಅವನ ಉದ್ದೇಶವಾಗಿತ್ತು. ಗಂಧರ್ವರು ಅವನನ್ನು ಸೆರೆಹಿಡಿದಾಗ ಬಿಡಿಸಲು ತಮ್ಮಂದಿರನ್ನು ಕಳುಹಿಸಿದವನು ಧರ್ಮರಾಯ. ನಮ್ಮೊಳಗೆ ಜಗಳವಿರಬಹುದು, ಹೊರಗಿನವರಿಂದ ಕುಲಕ್ಕೆ ಅವಮಾನವಾಗಬಾರದು ಎಂಬುದು ಅವನ ನಿಲುವು. ಅಂಥ ಉಪಕಾರವೂ ದುರ್ಯೋಧನನಿಗೆ ಅವಮಾನವಾಗಿಯೇ ಕಂಡಿತು. 13 ವರ್ಷ ತುಂಬಿದ ಮೇಲೆ 5 ಗ್ರಾಮಗಳನ್ನಾದರೂ ಕೊಡೆಂದರೆ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದನು. 18 ದಿನಗಳ ಯುದ್ಧದಲ್ಲಿ ಗಾಂಧಾರಿಯ 100 ಮಕ್ಕಳೂ ಅಳಿದರು. ಗೆದ್ದ ಧರ್ಮರಾಯನ ಆಶ್ರಯದಲ್ಲೇ ಆ ವೃದ್ಧ ದಂಪತಿಗಳು 15 ವರ್ಷ ಬದುಕಬೇಕಾಯಿತು.

ಇಂದು ನಮ್ಮ ಮನೆಗಳಲ್ಲಿ ಸಿಂಹಾಸನವಿಲ್ಲ. ನಾಲ್ಕು ಎಕರೆ ಹೊಲವೋ, ಹಳೆಯ ಮನೆಯೋ, ಒಂದು ಅಂಗಡಿಯೋ ಇರುತ್ತದೆ. ಒಬ್ಬನು ನೌಕರಿಗೆಂದು ಪರಊರು ಸೇರುತ್ತಾನೆ, ಇನ್ನೊಬ್ಬನು ಊರಿನಲ್ಲಿ ಉಳಿದು ಬಿಸಿಲು ಮಳೆಗಳಲ್ಲಿ ದುಡಿಯುತ್ತಾನೆ. ಉಳಿದವನ ದುಡಿಮೆಗೆ ಬೆಲೆಯಿದೆ. ಹೋದವರು ಅದನ್ನು ಮರೆಯಬಾರದು. ಆದರೆ ಕೈಯಲ್ಲಿರುವುದೆಲ್ಲವೂ ತನ್ನದೇ ಎಂಬ ಭಾವನೆ ವರ್ಷಗಳು ಕಳೆದಂತೆ ಸದ್ದಿಲ್ಲದೆ ಬೆಳೆಯುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಹೆಚ್ಚು. 2005ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ನೀಡಿದೆ. ಆದರೂ ಅರಿಸಿನ ಕುಂಕುಮದ ನೆಪದಲ್ಲಿ ಸಹಿ ಪಡೆದು ಕಳುಹಿಸುವ ಮನೆಗಳು ಇಲ್ಲದಿಲ್ಲ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ವರ್ಷಕ್ಕೊಮ್ಮೆ, ಹಬ್ಬಕ್ಕೆ ಎಲ್ಲರೂ ಕೂಡಿದಾಗ, ಹಿರಿಯರು ಬದುಕಿರುವಾಗಲೇ, ಊರಿನಲ್ಲಿ ಉಳಿದವರು ಬೆಳೆಯ, ಸಾಲದ, ಖರ್ಚಿನ ಲೆಕ್ಕವನ್ನು ತಾವಾಗಿಯೇ ಮುಂದಿಡಲಿ. ಹಿರಿಯರು ಧೃತರಾಷ್ಟ್ರನಂತೆ ತಿಳಿದೂ ಸುಮ್ಮನಿರದೆ ನ್ಯಾಯದ ಮಾತನ್ನು ಬಾಯಿಬಿಟ್ಟು ಹೇಳಲಿ. ದೂರ ಹೋದವರು ಬಾಗಿಲಿಗೆ ಬಂದಾಗ ನಮ್ಮ ಮುಖ ಅರಳುವಂತಿದ್ದರೆ ಆ ಮನೆ ಅಯೋಧ್ಯೆಯಾಗುವುದು.