ಧನುರ್ಮಾಸದ ನೆರೆಯಲ್ಲಿ ಕ್ರಿಸ್ಮಸ್

ಡಿಸೆಂಬರ್ ತಿಂಗಳ ಮೂರನೆಯ ವಾರ ಬಂದಿತೆಂದರೆ ತುಮಕೂರಿನಂಥ ಊರಿನ ಕೆಲವು ಬೀದಿಗಳಲ್ಲಿ ನಿದ್ರೆಗೆ ಉಳಿಯುವ ಹೊತ್ತು ಬಹಳ ಕಡಮೆ. ಕ್ರಿಸ್ಮಸ್ ಗೀತೆಗಳನ್ನು ಹಾಡುವ ತಂಡ ರಾತ್ರಿ ಹನ್ನೊಂದರವರೆಗೆ ಮನೆಯಿಂದ ಮನೆಗೆ ನಡೆಯುತ್ತಿರುತ್ತದೆ. ಬೆಳಗಿನ ಜಾವಕ್ಕೆ ದೇವಸ್ಥಾನದಲ್ಲಿ ಧನುರ್ಮಾಸದ ಗಂಟೆ ಮೊಳಗುತ್ತದೆ. ಹಾಡಿದವರು ಕುಡಿದಿಟ್ಟ ಲೋಟಗಳನ್ನು ಒಂದು ಮನೆಯವರು ತೊಳೆದು ಬೋರಲು ಹಾಕಿ ಮಲಗಿ ಏಳುವಷ್ಟರಲ್ಲಿ, ಪಕ್ಕದ ಮನೆಯಿಂದ ಹುಗ್ಗಿಗೆಂದು ಹೆಸರುಬೇಳೆ ಹುರಿಯುವ ಕಂಪು ಬರತೊಡಗುತ್ತದೆ.

ಈ ನೆರೆತನ ಆಕಸ್ಮಿಕವಾದುದಲ್ಲ. ಯುಗಾದಿ, ಗೌರಿ, ದೀಪಾವಳಿಗಳು ಚಂದ್ರನನ್ನು ನೆಚ್ಚಿದ ಹಬ್ಬಗಳಾದುದರಿಂದ ವರ್ಷವರ್ಷವೂ ಹಿಂದುಮುಂದಾಗುತ್ತವೆ. ರಂಜಾನ್ ಅಂತೂ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಶಿರಾದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಧನುರ್ಮಾಸದ್ದು ಸೂರ್ಯನ ಲೆಕ್ಕ. ಡಿಸೆಂಬರ್ 16ರ ಸುಮಾರಿಗೆ ಸೂರ್ಯನು ಧನುರಾಶಿಯನ್ನು ಪ್ರವೇಶಿಸಿದಾಗ ತೊಡಗಿ ಮಕರಸಂಕ್ರಾಂತಿಯವರೆಗೆ ಅದು ನಡೆಯುತ್ತದೆ. ಕ್ರಿಸ್ಮಸ್ಸೂ 25ನೆಯ ತಾರೀಖನ್ನು ಬಿಟ್ಟು ಕದಲುವುದಿಲ್ಲ. ಬೇರೆ ಹಬ್ಬಗಳು ಒಮ್ಮೊಮ್ಮೆ ಭೇಟಿಯಾದಾವು. ಇವೆರಡೂ ಒಂದೇ ಬೀದಿಯ ಕಾಯಂ ಒಕ್ಕಲುಗಳು.

ಇನ್ನೊಂದು ಹೋಲಿಕೆಯನ್ನು ಈಗ ಬಹಳ ಮಂದಿ ಮರೆತಿದ್ದಾರೆ. ಎರಡೂ ಮೂಲತಃ ಸದ್ದಡಗಿಸಿಕೊಂಡು ಕಾಯುವ ಕಾಲಗಳು. ಧನುರ್ಮಾಸವನ್ನು ಶೂನ್ಯಮಾಸವೆಂದು ಕರೆದು ಮದುವೆ, ಗೃಹಪ್ರವೇಶಗಳನ್ನು ದೂರವಿಟ್ಟ ಹಿರಿಯರು ಮುಂಜಾನೆಯ ಪೂಜೆಗಷ್ಟೆ ಅದನ್ನು ಮೀಸಲಾಗಿಸಿದರು. ಅದಕ್ಕಾಗಿಯೇ ಡಿಸೆಂಬರ್ ಮೊದಲಾರ್ಧದಲ್ಲಿ ಛತ್ರಗಳಿಗೆ ಅಷ್ಟೊಂದು ನೂಕುನುಗ್ಗಲು. ಕ್ರೈಸ್ತರಲ್ಲಿಯೂ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿ ಆಗಮನ ಕಾಲವೆನಿಸಿದೆ. ಅದು ಉಪವಾಸಕ್ಕೂ ಆತ್ಮಪರೀಕ್ಷೆಗೂ ಸಂದ ಕಾಲವಾಗಿತ್ತು. ಆ ಕಾಲ ತೊಡಗಿದಂದಿನಿಂದ ಜನವರಿ 6ರವರೆಗೆ ಸಂಭ್ರಮದ ಮದುವೆಗಳು ಕೂಡದೆಂಬ ಹಳೆಯ ಕಟ್ಟಳೆಯನ್ನು 1563ರಲ್ಲಿ ಟ್ರೆಂಟ್ ನಗರದ ಕಥೋಲಿಕ ಧರ್ಮಸಭೆ ಎತ್ತಿಹಿಡಿದಿತ್ತು. ನಮ್ಮ ಜೋಯಿಸರಿಗೂ ಆ ಪಾದ್ರಿಗಳಿಗೂ ಪರಿಚಯವಿದ್ದಿದ್ದರೆ ಮಾತು ಸೊಗಸಾಗಿ ಕೂಡುತ್ತಿತ್ತು!

ಕಾಯುವ ಆ ದಿನಗಳೇ ಈಗ ವರ್ಷದಲ್ಲೆಲ್ಲ ಅತ್ಯಂತ ಗಡಿಬಿಡಿಯ ವಾರವಾಗಿವೆ. ಸೋಮವಾರ ಮಕ್ಕಳ ನಾಟಕದ ಅಭ್ಯಾಸ, ಮರುದಿನ ಮಹಿಳಾ ಸಂಘದ ಕೂಟ, ಬುಧವಾರ ಆಫೀಸಿನಲ್ಲಿ ಕೇಕು, ಆಮೇಲೆ ಗೀತೆಯ ತಂಡಕ್ಕೆ ಆತಿಥ್ಯ. ಮಂಗಳೂರಿನ ಕಡೆಯ ಕ್ರೈಸ್ತ ಮನೆಗಳಲ್ಲಾದರೆ ಕುಸ್ವಾರ್ ಎಂಬ ತಿಂಡಿಗಳ ಸಮೂಹವೇ ಸಿದ್ಧವಾಗಬೇಕು. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ ಎಲ್ಲವೂ ತಟ್ಟೆ ತುಂಬಿ ಜಾತಿಮತವೆನ್ನದೆ ನೆರೆಮನೆಗಳಿಗೆ ಹೋಗಬೇಕು. ಗಂಡಸರು ಕೂಟದಿಂದ ಕೂಟಕ್ಕೆ ಹೋಗಿ ಆಯಾಸವಾಯಿತೆನ್ನುತ್ತಾರೆ. ಆದರೆ ಕರಿಯುವ ಬಾಣಲೆಯ ಮುಂದೆ ಮೂರು ದಿನ ಕುಳಿತವಳು ತನ್ನ ಆಯಾಸವನ್ನು ಹೇಳಿಕೊಳ್ಳಲು ಯಾವ ಕೂಟವನ್ನೂ ಕರೆದಿಲ್ಲ.

ಬಾಗಿಲಿಗೆ ಬಂದು ಹಾಡುವ ಪದ್ಧತಿ ಈ ನಾಡಿಗೆ ಹೊಸತೇನೂ ಅಲ್ಲ. ದಾಸರೂ ಜಂಗಮರೂ ಹಾಗೆಯೇ ಹಾಡಿದವರು. ತುಮಕೂರಿಗೆ ಸಮೀಪದ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ನೆಲೆಯೂರಿದ್ದರು. ಕನ್ನಡ ನಿಘಂಟಿನ ಕಿಟ್ಟೆಲ್ಲರು 1862ರಲ್ಲಿಯೇ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಪರದೇಶದ ಕಥೆಗೆ ನಮ್ಮ ಲಯ ಒಗ್ಗುವುದೆಂದು ಒಬ್ಬ ಜರ್ಮನ್ ಪಂಡಿತನಿಗೆ ತೋರಿತ್ತು. ಈಗಿನ ತಂಡಗಳಿಗೆ ಸಿನಿಮಾದ ಮಟ್ಟು ತೋರುತ್ತದೆ. ಅದಿರಲಿ. ಹಾಡು ಯಾವುದೇ ಇರಲಿ, ಅದನ್ನು ಪೂರ್ತಿ ಹಾಡುವಷ್ಟು ಬಿಡುವಾದರೂ ಇದ್ದರೆ ಸಾಕು.

ಇದೇ ವಾರ ಜಿಲ್ಲೆಯ ಉತ್ತರಕ್ಕೆ, ಮಧುಗಿರಿ ಪಾವಗಡಗಳ ಕಡೆ, ರಾಯಚರ್ಲುವಿನಂಥ ಹಳ್ಳಿಗಳಲ್ಲಿ ನೋಟವೇ ಬೇರೆ. ಅದು ಮಳೆ ಕಡಮೆಯ ಸೀಮೆ. ಮಳೆ ಕೈಕೊಡದ ವರ್ಷ ರಾಗಿ ಕಣಕ್ಕೆ ಬರುವ ಕಾಲವದು, ಅವರೆಗೆ ಸೊಗಡು ಹತ್ತುವ ಕಾಲವೂ ಹೌದು. ಕಣದ ಬಳಿ ಹಾದುಹೋಗುವವನಿಗೆ ಆಮಂತ್ರಣ ಪತ್ರಿಕೆಯಿಲ್ಲ. “ಬಾರಪ್ಪ, ಕೂತ್ಕೋ” ಎಂಬ ಒಂದು ಮಾತು, ಬೇಯಿಸಿದ ಕಾಯಿ ಒಂದು ಹಿಡಿ, ಅಷ್ಟೆ. ಬಂದವನು ಕೂರುತ್ತಾನೆ, ಮಳೆಬೆಳೆಯ ಮಾತಾಡುತ್ತಾನೆ, ಹೋಗುತ್ತಾನೆ. ಪಟ್ಟಣದ ಭೇಟಿಯಲ್ಲಿ ಮಾಯವಾಗಿರುವುದು ಆ ಕೂರುವಿಕೆ.

ಒಂದು ರಾತ್ರಿಗೆ ಮೂವತ್ತು ಮನೆಗಳ ಪಟ್ಟಿ ಹಿಡಿದು ಹೊರಟ ತಂಡಕ್ಕೆ ಒಂದು ಮನೆಯಲ್ಲಿ ಎಷ್ಟು ನಿಮಿಷ ಸಿಕ್ಕೀತು? ಕಾರು ನಿಲ್ಲುವ ದೊಡ್ಡ ಮನೆಗಳು ಪಟ್ಟಿಯ ಮೇಲ್ಭಾಗದಲ್ಲಿರುತ್ತವೆ. ವರ್ಷದೊಳಗೆ ಸಾವು ಕಂಡ ಮನೆಯನ್ನು ‘ಅವರಿಗೆ ಈ ಸಲ ಹಬ್ಬವಿಲ್ಲ’ ಎಂದು ಸೌಜನ್ಯದಿಂದಲೇ ಬಿಟ್ಟುಬಿಡುತ್ತಾರೆ. ಮಕ್ಕಳು ಪರಸ್ಥಳ ಸೇರಿ ಒಂಟಿಯಾದ ಮುದುಕಿಯ ಮನೆ ಓಣಿಯ ಕೊನೆಗಿದ್ದುದರಿಂದ ಪಟ್ಟಿಯಲ್ಲಿಯೂ ಕೊನೆಗಿರುತ್ತದೆ. ಹನ್ನೊಂದು ಹೊಡೆದ ಮೇಲೆ ಆಕೆಯ ಜಗಲಿಯ ದೀಪ ಉರಿಯುತ್ತಿದ್ದರೂ ತಂಡ ‘ಮಲಗಿರಬಹುದು’ ಎಂದುಕೊಂಡು ಹಿಂತಿರುಗುತ್ತದೆ.

ಪಟ್ಟಿ ಬರೆಯುವ ತರುಣರು ಈ ಎರಡು ಮನೆಗಳನ್ನು ಮೊದಲಿಗೆ, ಸಂಜೆ ಏಳಕ್ಕೇ ಇಟ್ಟುಕೊಳ್ಳಬಹುದು. ಅಲ್ಲಿ ಕೇಕು ಸಿಗಲಿಕ್ಕಿಲ್ಲ. ಇರುವುದು ಒಂದೇ ಕುರ್ಚಿಯಾದರೆ ಹಿರಿಯರೊಬ್ಬರು ಕುಳಿತು ಮಾತಾಡಲಿ, ಉಳಿದವರು ಚಾಪೆಯ ಮೇಲೆ ಕೂರಲಿ. ದೊಡ್ಡ ಮನೆಗಳವರು ಹೇಗೂ ಎಚ್ಚರವಾಗಿರುತ್ತಾರೆ.