ಹಸುವಿನ ಕೊಂಬಿಗೂ ಒಂದು ಮತದಾನ

ಹಸುವಿನ ಕೊಂಬಿಗಾಗಿ ಇಡೀ ದೇಶ ಮತ ಚಲಾಯಿಸಿತೆಂದರೆ ನಿಮಗೆ ನಗು ಬರಬಹುದು. ಆದರೆ ಸ್ವಿಟ್ಜರ್ಲೆಂಡಿನಲ್ಲಿ 2018ರ ನವೆಂಬರ್ 25ರಂದು ಇದು ನಿಜವಾಗಿಯೂ ನಡೆಯಿತು.

ಅಲ್ಲಿ 18 ತಿಂಗಳೊಳಗೆ ಒಂದು ಲಕ್ಷ ಮತದಾರರ ಸಹಿ ಸಂಗ್ರಹಿಸಿದವರು ಸಂವಿಧಾನದ ತಿದ್ದುಪಡಿಯನ್ನೇ ಜನರ ಮುಂದಿಡಬಹುದು. ಗೆಲ್ಲಲು ಒಟ್ಟು ಮತಗಳ ಬಹುಮತವೂ ಬೇಕು, ಪ್ರಾಂತ್ಯಗಳ ಬಹುಮತವೂ ಬೇಕು.

ಎಳೆಗರುಗಳ ಕೊಂಬಿನ ಮೊಳಕೆಯನ್ನು ಸುಟ್ಟು ಹಾಕುವುದನ್ನು ಆರ್ಮಿನ್ ಕಪಾವುಲ್ ಎಂಬ ರೈತ ಒಪ್ಪಲಿಲ್ಲ. ಕೊಂಬುಳ್ಳ ಹಸು, ಆಡುಗಳನ್ನು ಸಾಕುವವರಿಗೆ ಸರಕಾರ ಸಹಾಯಧನ ನೀಡಲಿ ಎಂದು ಸಹಿ ಸಂಗ್ರಹಕ್ಕಿಳಿದರು. ಸುಮಾರು ಶೇ. 55 ಮಂದಿ ಬೇಡವೆಂದರು. ಆತ ಸೋತರೂ ಮೂಕಪ್ರಾಣಿಯ ನೋವು ದೇಶದ ಚರ್ಚೆಯಾಯಿತು.

ಇದೇ ಹಕ್ಕಿಗೆ ಇನ್ನೊಂದು ಮುಖವೂ ಇದೆ. 2009ರಲ್ಲಿ ಹೊಸ ಮಿನಾರಗಳನ್ನು ನಿಷೇಧಿಸುವ ಪ್ರಸ್ತಾಪ ಶೇ. 57.5 ಮತಗಳಿಂದ ಗೆದ್ದಿತು. ಸರಕಾರವೂ ಸಂಸತ್ತೂ ಅದನ್ನು ವಿರೋಧಿಸಿದ್ದವು. ಆಗ ಇಡೀ ದೇಶದಲ್ಲಿದ್ದ ಮಿನಾರಗಳು ಕೇವಲ 4!

ಅದಕ್ಕೂ ಹಿಂದೆ, 1959ರಲ್ಲಿ, ಮಹಿಳೆಯರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಕೊಡಬೇಕೇ ಎಂದು ಕೇಳಲಾಯಿತು. ಮತ ಹಾಕಿದವರು ಗಂಡಸರು ಮಾತ್ರ. ಅವರು ನಿರಾಕರಿಸಿದರು. ಮಹಿಳೆಯರು 1971ರವರೆಗೆ ಕಾಯಬೇಕಾಯಿತು.

ಜನರಿಗೆ ಕೇಳುವ ಹಕ್ಕಿರುವುದು ದೊಡ್ಡ ವಿಷಯ. ಆದರೆ ತಲೆ ಎಣಿಸಿದ ಮಾತ್ರಕ್ಕೆ ನ್ಯಾಯ ಸಿಗುವುದಿಲ್ಲ.

ನಮ್ಮ ದೇಶದಲ್ಲಿ ಇಂತಹ ವ್ಯವಸ್ಥೆಯಿಲ್ಲ. ಆದರೂ ಮನವಿ ಪತ್ರ ಹಿಡಿದು ಸಹಿ ಕೇಳುವವರು ಮನೆ ಬಾಗಿಲಿಗೆ ಬರುತ್ತಾರೆ. ಸಹೋದರಿಯರೇ, ಪೆನ್ನು ಕೈಗೆತ್ತಿಕೊಳ್ಳುವ ಮುನ್ನ ಓದಿ ನೋಡಿ. ಇದು ಬಾಯಿಲ್ಲದವರಿಗೆ ಬಾಯಿ ಕೊಡುತ್ತದೆಯೇ ಅಥವಾ ನೆರೆಮನೆಯವರ ಹಕ್ಕನ್ನು ಕಸಿಯುತ್ತದೆಯೇ?