ಗಗನಚುಂಬಿಯೆಂಬ ಅರಿಸಮಾಸ

ನಾಲ್ಕು ವರ್ಷಗಳ ಹಿಂದೆ ಪರಿಚಿತರೊಬ್ಬರು, ಬೆಂಗಳೂರಿನಲ್ಲಿ ಏಳಲಿದ್ದ ನಲವತ್ತು ಮಹಡಿಗಳ ಕಟ್ಟಡವೊಂದಕ್ಕೆ ಹಳಗನ್ನಡದ ಹೆಸರು ಬೇಕೆಂದು ಕೇಳಿದರು. ಕೆಳಗೆ ಮಳಿಗೆಗಳು, ನಡುವೆ ಕಚೇರಿಗಳು, ಮೇಲೆ ಮನೆಗಳು. ಶಾಸನಗಳನ್ನು ಓದುವವನೆಂಬ ಹೆಮ್ಮೆಯಿಂದ ನಾನು ಹೆಸರು ಕೊಟ್ಟೆ. ಆಮೇಲೆ ಕೈಸೇರಿದ ಕರಪತ್ರದಲ್ಲಿ ಆ ಹೆಸರಿನ ಕೆಳಗೆ ‘ಪರಂಪರೆಯನ್ನು ಗೌರವಿಸುವ ಸುಸ್ಥಿರ ಸೌಧ’ ಎಂಬ ಘೋಷಣೆಯಿತ್ತು. ಗಾಜಿನ ಗೋಡೆಯ ನೆತ್ತಿಯಲ್ಲಿ ಹೊಯ್ಸಳ ಶೈಲಿಯ ಪಟ್ಟಿಕೆಯ ಚಿತ್ರವಿತ್ತು. ನಿವೇಶನವನ್ನು ನೋಡಹೋದಾಗ ಅಲ್ಲಿದ್ದ ತೊಟ್ಟಿಮನೆ ನೆಲಸಮವಾಗಿತ್ತು, ಬಾವಿ ಮುಚ್ಚಿಹೋಗಿತ್ತು, ಹೊಂಗೆಮರಗಳ ಬುಡಗಳಷ್ಟೇ ಉಳಿದಿದ್ದವು. ಗೌರವ ಪಡೆದ ಪರಂಪರೆ ಯಾವುದೆಂದು ಹುಡುಕಿದರೆ ಸಿಕ್ಕಿದ್ದು ನಾನು ಕೊಟ್ಟ ಹೆಸರೊಂದೇ. ಆದ್ದರಿಂದ ಈ ಬರೆಹದಲ್ಲಿ ಆರೋಪಿಗಳ ಸಾಲಿನಲ್ಲಿ ಲೇಖಕನೂ ನಿಂತಿದ್ದಾನೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ದೋಷ ಹೊಸದಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಹೊಂದದ ಸಂಸ್ಕೃತ, ಕನ್ನಡ ಪದಗಳನ್ನು ಬಲವಂತವಾಗಿ ಕೂಡಿಸುವುದನ್ನು ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸುವುದಕ್ಕೆ ಹೋಲಿಸಿತು. ಮುಂದಿನ ವ್ಯಾಕರಣ ಪರಂಪರೆ ಅಂಥ ಕೂಡಿಕೆಯನ್ನು ಅರಿಸಮಾಸವೆಂದು ಕರೆಯಿತು. ಹಾಲು, ಮಜ್ಜಿಗೆ ಎರಡೂ ಕೆಟ್ಟವಲ್ಲ, ಕೆಟ್ಟದ್ದು ಕೂಡಿಕೆ. ಗಾಜಿನ ಪೆಟ್ಟಿಗೆಗೆ ದೇಗುಲದ ಪಟ್ಟಿಕೆಯನ್ನು ಅಂಟಿಸುವುದು ವಾಸ್ತುವಿನ ಅರಿಸಮಾಸ.

ಹೊಯ್ಸಳ ಶಿಲ್ಪವನ್ನೇ ನೋಡೋಣ. ಅದರ ಕುಸುರಿ ಬಳಪದ ಕಲ್ಲಿನ ಮೃದುತ್ವದಿಂದ ಸಾಧ್ಯವಾಯಿತು. ಹಳೇಬೀಡಿನ ಆನೆ, ಕುದುರೆ, ಬಳ್ಳಿಗಳ ಸಾಲುಗಳು ಜಗತಿಯ ಮೇಲೆ ಪ್ರದಕ್ಷಿಣೆ ಬರುವವನ ಕಣ್ಣಿಗೆ, ಅವನ ನಡಿಗೆಯ ವೇಗಕ್ಕೆ ಒಗ್ಗಿಕೊಂಡೇ ರಚನೆಯಾದವು. ಅವನ್ನು ನಲವತ್ತನೆಯ ಮಹಡಿಯ ಅಂಚಿಗೆ ಏರಿಸಿದರೆ ನೋಡುವವರು ಯಾರು? ಕಲ್ಲು, ಕಣ್ಣು, ನಡಿಗೆ ಎಂಬ ಮೂರರ ಸಂಬಂಧವನ್ನು ಕಳಚಿದ ಮೇಲೆ ಉಳಿಯುವುದು ಶಿಲ್ಪವಲ್ಲ, ಅಚ್ಚಿನಲ್ಲಿ ಎರಕ ಹೊಯ್ದ ಗುರುತುಚೀಟಿ.

ಪರಂಪರೆಯನ್ನು ಗೌರವಿಸುವುದೆಂದರೇನೆಂದು ತಿಳಿಯಬಯಸುವವರು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗಬೇಕು. 1430ರ ಸುಮಾರಿಗೆ ಅದನ್ನು ಕಟ್ಟಿದವರು ಘಟ್ಟದ ಮೇಲಿನ ಬಸದಿಗಳ ಆಕಾರವನ್ನು ಹಾಗೆಯೇ ಇಳಿಸಿ ತರಲಿಲ್ಲ. ತುಳುನಾಡಿನ ಮಳೆಗೆ ಅಂಜಿ, ಅದನ್ನು ಅರಿತು, ಮಹಡಿಯ ಮೇಲೆ ಮಹಡಿಯಾಗಿ ಇಳಿಜಾರು ಮಾಡುಗಳನ್ನು ಹೊದಿಸಿದರು. ಆರಾಧ್ಯ ಬದಲಾಗಲಿಲ್ಲ, ಆಗಮ ಬದಲಾಗಲಿಲ್ಲ. ಮಾಡು ಮಾತ್ರ ಆ ನೆಲದ ಮನೆಗಳ ಮಾತನ್ನಾಡಿತು. ಪರಂಪರೆಯು ನಿಘಂಟಲ್ಲ, ವ್ಯಾಕರಣ. ನಿಘಂಟಿನಿಂದ ಪದಗಳನ್ನು ಕದಿಯಬಹುದು, ವ್ಯಾಕರಣವನ್ನು ಕಲಿಯಲೇಬೇಕು.

ಇಲ್ಲಿ ಎದುರಾಗುವ ಪ್ರಬಲ ಆಕ್ಷೇಪವನ್ನು ಮರೆಮಾಚುವುದು ತರವಲ್ಲ. ನಗರ ಅಡ್ಡಡ್ಡಲಾಗಿ ಹಬ್ಬಿ ಕೆರೆ, ಹೊಲಗಳನ್ನು ನುಂಗುವುದಕ್ಕಿಂತ ಮೇಲಕ್ಕೆ ಬೆಳೆಯುವುದು ಲೇಸಲ್ಲವೇ? ಮನೆ, ಕೆಲಸ, ಅಂಗಡಿ ಒಂದೆಡೆ ಇದ್ದರೆ ವಾಹನಗಳ ಓಡಾಟ ತಗ್ಗುವುದಿಲ್ಲವೇ? ಎರಡನ್ನೂ ಒಪ್ಪುತ್ತೇನೆ. ಎತ್ತರ ನಮಗೆ ಪರಕೀಯವೂ ಅಲ್ಲ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 58 ಅಡಿ ಎತ್ತರ ನಿಂತಿದ್ದಾನೆ. ಆದರೆ ಅವನು ಬೆಟ್ಟದ ಮೇಲೆ ತಂದಿಟ್ಟವನಲ್ಲ, ಬೆಟ್ಟದೊಳಗಿಂದಲೇ ಮೂಡಿದವನು. ನನ್ನ ತಕರಾರು ಎತ್ತರದ ಬಗೆಗಲ್ಲ, ನೆಲವನ್ನು ಮರೆತ ಎತ್ತರದ ಬಗೆಗೆ.

ನೆಲವನ್ನು ಮರೆಯದ ಎತ್ತರ ಆಧುನಿಕ ಕಾಲದಲ್ಲಿಯೂ ಸಾಧ್ಯವೆಂಬುದಕ್ಕೆ ಮುಂಬಯಿಯ ಕಾಂಚನಜುಂಗಾ ಸಾಕ್ಷಿ. ಚಾರ್ಲ್ಸ್ ಕೊರಿಯಾ ವಿನ್ಯಾಸಗೊಳಿಸಿದ ಈ 28 ಮಹಡಿಗಳ ಕಟ್ಟಡ 1983ರಲ್ಲಿ ಪೂರ್ಣಗೊಂಡಿತು. ಅಲ್ಲಿ ಕಡಲ ಗಾಳಿ ಬರುವ ಪಡುವಣ ದಿಕ್ಕಿನಿಂದಲೇ ಸಂಜೆಯ ಬಿಸಿಲೂ ಮುಂಗಾರಿನ ಹೊಡೆತವೂ ಬರುತ್ತವೆ. ಹಳೆಯ ಬಂಗಲೆಗಳು ಈ ಇಕ್ಕಟ್ಟನ್ನು ಸುತ್ತಲಿನ ಮೊಗಸಾಲೆಯಿಂದ ಬಿಡಿಸಿಕೊಂಡಿದ್ದವು. ಕೊರಿಯಾ ಆ ಮೊಗಸಾಲೆಯನ್ನೇ ಎರಡಂತಸ್ತಿನ ಎತ್ತರದ ತೋಟದಂಗಳವಾಗಿಸಿ ಆಕಾಶಕ್ಕೆ ಒಯ್ದರು. ಅದರಲ್ಲಿರುವುದು ಸಿರಿವಂತರ ಮನೆಗಳೇ, ನಿಜ. ಆದರೆ ಪಾಠ ಎಲ್ಲರದು: ಹೊರಮೈಯಲ್ಲಿ ಒಂದೂ ಕಮಾನಿಲ್ಲ, ಒಂದೂ ಕೆತ್ತನೆಯಿಲ್ಲ, ಪರಂಪರೆ ಮಾತ್ರ ಉಸಿರಾಡುತ್ತಿದೆ.

ಬೆಂಗಳೂರಿಗೆ ಮರಳಿ ಬರೋಣ. ಕಿಟಕಿ ತೆರೆದರೆ ಸಾಕೆನ್ನಿಸುವ ಹವೆಯುಳ್ಳ ಊರಿನಲ್ಲಿ ತೆರೆಯಲಾಗದ ಗಾಜಿನ ಗೋಡೆ ಕಟ್ಟಿ, ಒಳನುಗ್ಗುವ ಸೆಕೆಯನ್ನು ಯಂತ್ರದಿಂದ ಹೊರದೂಡುತ್ತೇವೆ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿದ ಕಾವೇರಿಯನ್ನು ಮತ್ತೆ ನಲವತ್ತು ಮಹಡಿ ಏರಿಸುತ್ತೇವೆ. ನಿವೇಶನದ ಮೇಲೆಯೇ ಬಿದ್ದ ಮಳೆಯನ್ನು ಚರಂಡಿಗೆ ಬಿಡುತ್ತೇವೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದ, ಸಂಪಂಗಿ ಕೆರೆ ಕ್ರೀಡಾಂಗಣವಾದ ಊರಿನಲ್ಲಿ ಮೊದಲು ರಕ್ಷಿಸಬೇಕಾದ ಪರಂಪರೆ ನೀರಿನ ದಾರಿಯೇ ಅಲ್ಲವೇ?

‘ಮಿಶ್ರ ಬಳಕೆ’ಯಂತೂ ನಮಗೆ ಹೊರಗಿನಿಂದ ಬಂದ ತತ್ತ್ವವಲ್ಲ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳಲ್ಲಿ ಅಂಗಡಿಯ ಮೇಲೆ ಮನೆ, ಮನೆಯ ಹಿಂದೆ ಕಸುಬು, ಮುಂದೆ ಬೀದಿ, ನಡುವೆ ಜಗಲಿ. ಜಾತಿಯ ಗೋಡೆಗಳು ಅಲ್ಲಿಯೂ ಇದ್ದವು. ಪೇಟೆಯನ್ನು ಸ್ವರ್ಗವೆಂದು ಹಾಡುವ ಉದ್ದೇಶ ನನಗಿಲ್ಲ. ಆದರೂ ಜಗಲಿ ಒಳಗು ಹೊರಗುಗಳನ್ನು ಕೂಡಿಸುವ ಸಂಧಿಯಾಗಿತ್ತು. ಹೊಸ ಗೋಪುರ ಮನೆಯವರಿಗೊಂದು ಬಾಗಿಲು, ಕಚೇರಿಯವರಿಗೊಂದು ಲಿಫ್ಟು, ಮನೆಗೆಲಸದವರಿಗೆ ಮತ್ತೊಂದು ಲಿಫ್ಟು ಎಂದು ವಿಂಗಡಿಸಿ, ಬೀದಿಗೆ ಕಾವಲುಗಾರನ ಮುಖವನ್ನಷ್ಟೇ ತೋರಿಸುತ್ತದೆ. ಬಳಕೆಗಳು ಒಂದರ ಮೇಲೊಂದು ಕುಳಿತಿವೆ, ಬೆರೆತಿಲ್ಲ. ಅರ್ಥಸಂಬಂಧವಿಲ್ಲದ ಪದಗಳನ್ನು ಒತ್ತಿ ಬರೆದ ಮಾತ್ರಕ್ಕೆ ಸಮಾಸವಾಗದು.

ಕೇಶಿರಾಜನು ಬಿರುದಾವಳಿಗಳಲ್ಲಿ ಅರಿಸಮಾಸಕ್ಕೆ ವಿನಾಯಿತಿ ಕೊಟ್ಟಿದ್ದಾನೆ. ಇಂದಿನ ಕಟ್ಟಡಗಳೂ ಆ ವಿನಾಯಿತಿಯನ್ನೇ ನೆಚ್ಚಿಕೊಂಡಿವೆ: ಚಿನ್ನ, ಪ್ಲಾಟಿನಂ ಎಂಬ ಹಸಿರು ಬಿರುದುಗಳು. ವಿದ್ಯುತ್ ಉಳಿತಾಯವನ್ನು ಅಳೆಯುವುದು ಒಳ್ಳೆಯದೇ. ಆದರೆ ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 7ರಿಂದ 8ರಷ್ಟು ಸಿಮೆಂಟಿನ ಪಾಲೆಂಬುದನ್ನು ನೆನೆದರೆ, ಗಟ್ಟಿಮುಟ್ಟಾದ ಹಳೆಯ ಕಟ್ಟಡವನ್ನು ಕೆಡವಿ ಎತ್ತಿದ ಹೊಸದು ಹುಟ್ಟುವಾಗಲೇ ಸಾಲಗಾರ. ಯಾವ ಬಿರುದೂ ಆ ಸಾಲವನ್ನು ಮನ್ನಾ ಮಾಡದು.

ಇಷ್ಟಕ್ಕೂ ದೋಷವೆಲ್ಲ ವಾಸ್ತುಶಿಲ್ಪಿಗಳದೇ? ಪರಂಪರೆಯೆಂದರೆ ರಾಜವಂಶಗಳ ಹೆಸರು, ಲಾಂಛನ, ಕಂಬಗಳ ವಿಧ ಎಂದು ತರಗತಿಯಲ್ಲಿ ಪಟ್ಟಿ ಬರೆಯಿಸಿದವರು ನಾವು. ಶಾಸನದಲ್ಲಿ ಕೆರೆ, ತೂಬು, ಗದ್ದೆ, ಎಲ್ಲೆಕಲ್ಲುಗಳ ವಿವರ ಬಂದಾಗ ಪುಟ ಮಗುಚಿ ಪ್ರಶಸ್ತಿ ಭಾಗವನ್ನಷ್ಟೇ ಪರೀಕ್ಷೆಗೆ ಕೇಳಿದವರೂ ನಾವೇ. ಬಿಲ್ಡರ್‌ಗಳು ನಮ್ಮ ಪಟ್ಟಿಯಿಂದಲೇ ಆಯ್ದುಕೊಂಡಿದ್ದಾರೆ.

ಇನ್ನು ಮುಂದೆ ಯಾರಾದರೂ ಹೆಸರು ಕೇಳಿಕೊಂಡು ಬಂದರೆ ನಾನು ಮೊದಲು ಕೇಳುವ ಪ್ರಶ್ನೆಗಳು ಇವು: ಅಲ್ಲಿರುವ ಬಾವಿಯನ್ನು ಏನು ಮಾಡುವಿರಿ? ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಪಡುವಣ ಬಿಸಿಲಿಗೆ ಏನು ಅಡ್ಡವಿದೆ? ದಾರಿಹೋಕ ಕೂರಬಹುದಾದ ಜಗಲಿ ಎಲ್ಲಿದೆ? ನಾಲ್ಕಕ್ಕೂ ಉತ್ತರವಿದ್ದರೆ ಆ ಕಟ್ಟಡಕ್ಕೆ ಹಳಗನ್ನಡದ ಹೆಸರಿನ ಅಗತ್ಯವೇ ಇರುವುದಿಲ್ಲ. ಉತ್ತರವಿಲ್ಲದಿದ್ದರೆ, ಹೆಸರು ಕೊಡುವ ಹಕ್ಕು ನನಗಿಲ್ಲ.